ರಾಜ್ಯಪಾಲ ಪದವಿ: ಶ್ರೀ ಬಿ. ಡಿ. ಜತ್ತಿಯವರ ನಿದರ್ಶನ

ಸಜ್ಜನನೊಬ್ಬನನ್ನು ಪೀಠದ ಮೇಲೆ ಕುಳ್ಳಿರಿಸಿದರೆ ಪೀಠದ ದೋಷಗಳೆಲ್ಲ ತಾವಾಗಿಯೇ ಪರಿಹಾರವಾಗುವುವೆಂಬ ನಂಬಿಕೆಯೊಂದು ಕನ್ನಡ ಜನದಲ್ಲಿ ಬಹುಕಾಲದಿಂದ ಬೇರೂರಿದೆ. ರಾಜ್ಯಪಾಲರ ವಿಷಯದಲ್ಲಂತೂ ಅದು ಮಂತ್ರದಂತೆ ಪಠಿತವಾಗುತ್ತಿದೆ. ಯಾವುದಾದರೊಂದು ರಾಜ್ಯದಲ್ಲಿ ರಾಜಭವನವು ಅನುಚಿತವಾಗಿ ನಡೆದುಕೊಂಡಿತೆಂಬ ಕೂಗು ಎದ್ದೊಡನೆಯೇ, "ಯೋಗ್ಯರನ್ನು ನೇಮಿಸಿದ್ದರೆ ಹೀಗಾಗುತ್ತಿರಲಿಲ್ಲ" ಎಂದು ಹಿರಿಯರು ತಲೆದೂಗುತ್ತಾರೆ. ಈ ಮಾತನ್ನು ಪರೀಕ್ಷಿಸುವುದಕ್ಕೆ ಶ್ರೀ ಬಸಪ್ಪ ದಾನಪ್ಪ ಜತ್ತಿಯವರ ಜೀವಿತಕ್ಕಿಂತ ಉತ್ತಮವಾದ ಒರೆಗಲ್ಲು ದೊರೆಯಲಾರದು. ಅವರು ಯೋಗ್ಯರಾಗಿದ್ದರೆಂಬುದರಲ್ಲಿ ವಿವಾದವಿಲ್ಲ. ವಿವಾದವಿಲ್ಲದಿರುವುದೇ ಇಲ್ಲಿ ಮುಖ್ಯವಾದ ಸಂಗತಿ.

ಜತ್ತಿಯವರು ೧೯೧೨ನೆಯ ಇಸವಿಯ ಸೆಪ್ಟೆಂಬರ್ ೧೦ರಂದು ಜಮಖಂಡಿ ಸೀಮೆಯ ಸಾವಳಗಿಯಲ್ಲಿ ಜನಿಸಿದರು. ಕೊಲ್ಲಾಪುರದಲ್ಲಿ ಕಾನೂನು ವ್ಯಾಸಂಗ ಮಾಡಿ, ಜಮಖಂಡಿಯಲ್ಲಿ ವಕೀಲಿ ನಡೆಸಿ, ೧೯೪೦ರಲ್ಲಿ ಅಲ್ಲಿನ ಪುರಸಭೆಯ ಸದಸ್ಯರಾದರು. ೧೯೪೫ರಲ್ಲಿ ಅದರ ಅಧ್ಯಕ್ಷರಾದರು. ಪಟವರ್ಧನ ಮನೆತನದ ಆ ಚಿಕ್ಕ ಸಂಸ್ಥಾನದಲ್ಲಿ ಮಂತ್ರಿಯಾಗಿ, ಕಡೆಗೆ ದಿವಾನರೂ ಆದರು. ೧೯೪೮ರ ಮಾರ್ಚಿಯಲ್ಲಿ ಜಮಖಂಡಿಯು ಮುಂಬಯಿ ಪ್ರಾಂತ್ಯದಲ್ಲಿ ಲೀನವಾದಾಗ ದಿವಾನಗಿರಿ ಹೋಯಿತು. ಜತ್ತಿಯವರು ಮರಳಿ ಕರಿಯ ಕೋಟು ತೊಟ್ಟು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅಧಿಕಾರ ಹೋದ ಮರುದಿನವೇ ಬೇರೆ ಅಧಿಕಾರಕ್ಕಾಗಿ ಅಲೆಯುವವರನ್ನು ಕಂಡ ಜನರಿಗೆ ಇದು ಸಣ್ಣ ಸಂಗತಿಯಲ್ಲ. ವಿಲೀನಗೊಂಡ ಪ್ರದೇಶದ ಪ್ರತಿನಿಧಿಯಾಗಿ ಅವರು ತರುವಾಯ ಮುಂಬಯಿ ಶಾಸನಸಭೆಯನ್ನು ಸೇರಿದರು. ಅಲ್ಲಿ ಬಿ. ಜಿ. ಖೇರರ ಸಂಸದೀಯ ಕಾರ್ಯದರ್ಶಿಯಾಗಿದ್ದು, ೧೯೫೨ರ ಚುನಾವಣೆಯ ಬಳಿಕ ಆರೋಗ್ಯ ಮತ್ತು ಕಾರ್ಮಿಕ ಇಲಾಖೆಗಳ ಉಪಮಂತ್ರಿಯಾದರು. ರಾಜ್ಯಗಳ ಪುನರ್ವಿಂಗಡಣೆಯಿಂದ ೧೯೫೬ರಲ್ಲಿ ಅವರ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು.

ಮೈಸೂರಿನಲ್ಲಿ ಅವರು ಮಾಡಿದ ಕಾರ್ಯಗಳಲ್ಲಿ ಉಳಿದೆಲ್ಲವನ್ನು ಮರೆತರೂ ಒಂದನ್ನು ಮರೆಯಲಾಗದು. ಹಳೆಯ ಮೈಸೂರು, ಮುಂಬಯಿ ಕರ್ಣಾಟಕ, ಹೈದರಾಬಾದು ಕರ್ಣಾಟಕ, ಮದರಾಸಿನಿಂದ ಬಂದ ದಕ್ಷಿಣ ಕನ್ನಡ, ಕೊಡಗು: ಈ ಐದು ತುಂಡುಗಳಲ್ಲಿ ಗೇಣಿಯ ಕಾನೂನುಗಳು ಐದು ಬಗೆಯಾಗಿದ್ದುವು. ಒಂದು ಸೀಮೆಯ ಒಕ್ಕಲಿಗನಿಗೆ ಇದ್ದ ರಕ್ಷಣೆ ಮತ್ತೊಂದು ಸೀಮೆಯವನಿಗೆ ಇರಲಿಲ್ಲ. ಇವನ್ನು ಒಂದು ಕಟ್ಟಿಗೆ ತರುವುದಕ್ಕಾಗಿ ೧೯೫೭ರಲ್ಲಿ ನೇಮಕವಾದ ಸಮಿತಿಗೆ ಜತ್ತಿಯವರೇ ಅಧ್ಯಕ್ಷರು. ಆ ಸಮಿತಿಯ ವರದಿಯ ಅಡಿಪಾಯದ ಮೇಲೆ, ಅವರೇ ಮುಖ್ಯಮಂತ್ರಿಯಾಗಿದ್ದಾಗ, ೧೯೬೧ರ ಮೈಸೂರು ಭೂಸುಧಾರಣಾ ಶಾಸನವು ಸಿದ್ಧವಾಯಿತು. ಅದು ಜಾರಿಗೆ ಬಂದದ್ದು ಮಾತ್ರ ೧೯೬೫ರ ಅಕ್ಟೋಬರ್ ೨ರಂದು. ನಡುವಿನ ವರ್ಷಗಳಲ್ಲಿ ಎಷ್ಟು ಗೇಣಿದಾರರು ಹೊಲ ಬಿಟ್ಟೆದ್ದರೆಂಬುದು ಬೇರೆಯೇ ಒಂದು ಲೇಖನಕ್ಕೆ ವಸ್ತುವಾದೀತು, ಅದಿರಲಿ.

ಅವರು ಮುಖ್ಯಮಂತ್ರಿಯಾದದ್ದೂ, ಆ ಸ್ಥಾನವನ್ನು ಬಿಟ್ಟದ್ದೂ ಹೇಗೆ ಎಂಬುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ೧೯೫೮ರ ಮೇ ತಿಂಗಳಲ್ಲಿ, ಪಕ್ಷದೊಳಗಿನ ತಿಕ್ಕಾಟದಿಂದ ಎಸ್. ನಿಜಲಿಂಗಪ್ಪನವರು ಕೆಳಗಿಳಿದಾಗ, ಶಾಸಕ ಪಕ್ಷವು ಜತ್ತಿಯವರನ್ನು ನಾಯಕನನ್ನಾಗಿ ಆರಿಸಿತು. ೧೯೬೨ರ ಚುನಾವಣೆಯ ತರುವಾಯ ಅದೇ ಪಕ್ಷದ ಒಲವು ಮತ್ತೆ ನಿಜಲಿಂಗಪ್ಪನವರ ಕಡೆಗೆ ತಿರುಗಿತು. ನಿಜಲಿಂಗಪ್ಪನವರು ತಮ್ಮ ಕ್ಷೇತ್ರದಲ್ಲಿ ಸೋತಿದ್ದುದರಿಂದ ಎಸ್. ಆರ್. ಕಂಠಿಯವರು ಕೆಲವು ತಿಂಗಳು ಪೀಠವನ್ನು ಕಾದಿಟ್ಟು, ಅವರು ಬಾಗಲಕೋಟೆಯಿಂದ ಗೆದ್ದುಬಂದೊಡನೆ ಒಪ್ಪಿಸಿಕೊಟ್ಟರು. ಜತ್ತಿಯವರು ಮುನಿಸಿಕೊಳ್ಳದೆ ಆ ಸಂಪುಟದಲ್ಲಿಯೇ ಹಣಕಾಸಿನ ಹೊಣೆ ಹೊತ್ತರು. ಅಂದರೆ, ತಲೆಗಳನ್ನು ಎಣಿಸಿದಾಗ ಯಾರ ಕಡೆಗೆ ಹೆಚ್ಚು ತಲೆಗಳಿವೆಯೋ ಅವರೇ ಆಳತಕ್ಕವರು ಎಂಬ ನ್ಯಾಯವನ್ನು ಅವರು ಗೆಲುವಿನಲ್ಲಿಯೂ ಸೋಲಿನಲ್ಲಿಯೂ ತಮ್ಮ ಮೈಮೇಲೆಯೇ ಅನುಭವಿಸಿದ್ದರು. ಅದನ್ನು ಬೇರೆಯವರು ಅವರಿಗೆ ಕಲಿಸಬೇಕಾಗಿರಲಿಲ್ಲ.

ಇಂಥವರು ೧೯೬೮ರ ಅಕ್ಟೋಬರಿನಲ್ಲಿ ಪಾಂಡಿಚೇರಿಗೆ ಉಪರಾಜ್ಯಪಾಲರಾಗಿ ಹೋದರು. ೧೯೭೨ರ ನವೆಂಬರಿನಲ್ಲಿ ಒರಿಸ್ಸಾದ, ಎಂದರೆ ಇಂದಿನ ಒಡಿಶಾದ, ರಾಜ್ಯಪಾಲರಾದರು. ಮುಂದಿನ ಮಾತಿಗೆ ಹೋಗುವ ಮೊದಲು, ಆ ಪೀಠವು ಎಂಥದು ಎಂಬುದನ್ನು ಸ್ವಲ್ಪ ನೋಡಬೇಕು.

ರಾಜ್ಯಪಾಲನನ್ನು ಆಯಾ ಪ್ರಾಂತ್ಯದ ಜನರೇ ಮತ ಕೊಟ್ಟು ಆರಿಸಬೇಕೆಂದು ೧೯೪೭ರಲ್ಲಿ ಸರದಾರ ಪಟೇಲರ ಅಧ್ಯಕ್ಷತೆಯ ಸಮಿತಿಯು ಸೂಚಿಸಿತ್ತು. ಎರಡು ವರ್ಷಗಳಲ್ಲಿ ಮನಸ್ಸು ಬದಲಾಯಿತು. ಜನರಿಂದ ಆರಿಸಿಬಂದ ರಾಜ್ಯಪಾಲನು ಜನರಿಂದಲೇ ಆರಿಸಿಬಂದ ಮುಖ್ಯಮಂತ್ರಿಯೊಡನೆ ಸೆಣಸಿದರೆ ಗತಿಯೇನೆಂಬ ಭಯದಿಂದ, ೧೯೪೯ರ ಮೇ ತಿಂಗಳ ಕೊನೆಯಲ್ಲಿ ರಾಜ್ಯಾಂಗ ರಚನಾಸಭೆಯು ಆ ಕ್ರಮವನ್ನು ಕೈಬಿಟ್ಟು, ರಾಷ್ಟ್ರಪತಿಯೇ ನೇಮಿಸತಕ್ಕದ್ದೆಂದು ಗೊತ್ತುಮಾಡಿತು. ರಾಜಕೀಯದಲ್ಲಿ ಅತಿಯಾಗಿ ಮುಳುಗದ ಗಣ್ಯರು ಆ ಸ್ಥಾನಕ್ಕೆ ಬರುವರೆಂದು ನೆಹರೂ ಅವರು ಆಗ ನಿರೀಕ್ಷಿಸಿದ್ದರು. ನಿರೀಕ್ಷೆಯು ಭಾಷಣದಲ್ಲಿ ಉಳಿಯಿತು. ಶಾಸನದಲ್ಲಿ ಬರೆದದ್ದು ಬೇರೆ. ೧೫೫ನೆಯ ಅನುಚ್ಛೇದದ ಮೇರೆಗೆ ರಾಷ್ಟ್ರಪತಿಯು ನೇಮಿಸುತ್ತಾನೆ. ೧೫೬ನೆಯದರ ಮೇರೆಗೆ ರಾಷ್ಟ್ರಪತಿಯ ಇಷ್ಟವಿರುವವರೆಗೆ ರಾಜ್ಯಪಾಲನು ಇರುತ್ತಾನೆ. ರಾಷ್ಟ್ರಪತಿಯ ಇಷ್ಟವೆಂದರೆ ಕೇಂದ್ರ ಸಂಪುಟದ ಇಷ್ಟವೇ. ಐದು ವರ್ಷದ ಅವಧಿಯೆಂದು ಬರೆದಿರುವುದು ಈ ಇಷ್ಟಕ್ಕೆ ಒಳಪಟ್ಟದ್ದು. ಬಾಡಿಗೆಯ ಮನೆಯಲ್ಲಿರುವವನಾದರೂ ಮನೆ ಬಿಡಿಸಬೇಕಾದರೆ ಮುಂಚಿತವಾಗಿ ತಿಳುವಳಿಕೆ ಪಡೆಯುವ ಹಕ್ಕುಳ್ಳವನು. ರಾಜಭವನದ ನಿವಾಸಿಗೆ ಅಷ್ಟೂ ಇಲ್ಲ.

ಈಗ ಒರಿಸ್ಸಾದ ಸಂಗತಿ. ೧೯೭೨ರ ಜೂನಿನಲ್ಲಿ ಶ್ರೀಮತಿ ನಂದಿನಿ ಸತ್ಪಥಿಯವರು ಕಾಂಗ್ರೆಸ್ ಮಂತ್ರಿಮಂಡಲವೊಂದನ್ನು ಅಲ್ಲಿ ರಚಿಸಿದ್ದರು. ಬೇರೆ ಪಕ್ಷಗಳಿಂದ ಬಂದು ಸೇರಿದವರ ಬಲವು ಅದಕ್ಕೆ ಆಧಾರವಾಗಿತ್ತು. ಬಂದವರು ಬಂದ ದಾರಿಯಲ್ಲಿಯೇ ಹೋಗುವುದು ಲೋಕರೂಢಿ. ೧೯೭೩ರ ಆರಂಭದಲ್ಲಿ ಹಾಗೆಯೇ ಆಯಿತು. ಮಾರ್ಚಿಯ ಮೊದಲಿನಲ್ಲಿ ಸತ್ಪಥಿಯವರು ರಾಜೀನಾಮೆ ಕೊಟ್ಟರು. ವಿರೋಧ ಪಕ್ಷದ ನಾಯಕರಾದ ಬಿಜು ಪಟ್ನಾಯಕರು, ೧೪೦ ಸ್ಥಾನಗಳ ಸಭೆಯಲ್ಲಿ ತಮ್ಮ ಕಡೆಗೆ ಅರ್ಧಕ್ಕಿಂತ ಹೆಚ್ಚು ಸದಸ್ಯರಿದ್ದಾರೆಂದೂ, ತಮ್ಮನ್ನು ಕರೆಯಬೇಕೆಂದೂ ರಾಜ್ಯಪಾಲರನ್ನು ಕೇಳಿಕೊಂಡರು. ಜತ್ತಿಯವರು ಕರೆಯಲಿಲ್ಲ. ಸಭೆಯನ್ನು ಸೇರಿಸಿ ಬಲವನ್ನು ತೋರಿಸಿರೆಂದೂ ಹೇಳಲಿಲ್ಲ. ರಾಷ್ಟ್ರಪತಿಯ ಆಳಿಕೆಯೇ ಆಗಬೇಕೆಂದು ದೆಹಲಿಗೆ ಬರೆದರು. ಮಾರ್ಚಿ ೩ರಂದು ಘೋಷಣೆ ಹೊರಟಿತು, ಶಾಸನಸಭೆ ವಿಸರ್ಜಿತವಾಯಿತು, ಒಂದು ವರ್ಷ ಕಾಲ ಒರಿಸ್ಸಾಕ್ಕೆ ಮಂತ್ರಿಮಂಡಲವಿರಲಿಲ್ಲ.

ಇದನ್ನು ಸಮರ್ಥಿಸುವವರು ಮೂರು ಮಾತು ಹೇಳುತ್ತಾರೆ. ಪಕ್ಷಾಂತರಿಗಳಿಂದ ಕೂಡಿದ ಬಹುಮತವು ಸ್ಥಿರವಾಗಿರಲಾರದು ಎಂಬುದು ಮೊದಲನೆಯದು. ಒಳ್ಳೆಯದು, ಆದರೆ ಅದೇ ಪಕ್ಷಾಂತರಿಗಳ ಬಲದಿಂದ ಸತ್ಪಥಿಯವರ ಮಂತ್ರಿಮಂಡಲವು ಎಂಟು ಒಂಬತ್ತು ತಿಂಗಳು ನಡೆದಾಗ ಅಸ್ಥಿರತೆಯ ಭಯ ಯಾರನ್ನೂ ಕಾಡಲಿಲ್ಲವೇಕೆ? ದಾಟಿದವರು ದೆಹಲಿಯ ಕಡೆಗೆ ದಾಟಿದರೆ ಬಹುಮತ, ಅತ್ತಕಡೆಯಿಂದ ಇತ್ತ ದಾಟಿದರೆ ಅಸ್ಥಿರತೆ, ಎಂಬ ತಕ್ಕಡಿಯನ್ನು ಯಾವ ಅಂಗಡಿಯವನು ಇಟ್ಟುಕೊಂಡರೂ ಊರವರು ಮಾತಾಡದೆ ಬಿಡರು. ಮೇಲಾಗಿ, ಮುಂದೆ ಸ್ಥಿರವಾಗಿರುವುದೋ ಇಲ್ಲವೋ ಎಂಬ ಭವಿಷ್ಯವನ್ನು ನುಡಿಯುವುದು ರಾಜ್ಯಪಾಲನ ಕೆಲಸವೂ ಅಲ್ಲ. ಇಂದು ಯಾರಿಗೆ ಬೆಂಬಲವುಂಟೆಂಬುದಷ್ಟೇ ಅವನು ಅರಿಯಬೇಕಾದದ್ದು.

ಎರಡನೆಯ ಮಾತು, ಅಂದಿನ ಕಾಲಕ್ಕೆ ನಿಯಮವು ಸ್ಪಷ್ಟವಾಗಿರಲಿಲ್ಲ ಎಂಬುದು. ಇದು ನಿಜವಲ್ಲ. ರಾಷ್ಟ್ರಪತಿ ವಿ. ವಿ. ಗಿರಿಯವರು ೧೯೭೦ರಲ್ಲಿ ರಾಜ್ಯಪಾಲರದೇ ಒಂದು ಸಮಿತಿಯನ್ನು ಭಗವಾನ್ ಸಹಾಯರ ನೇತೃತ್ವದಲ್ಲಿ ನೇಮಿಸಿದ್ದರು. ಮಂತ್ರಿಮಂಡಲದ ಬಲಾಬಲವನ್ನು ಪರೀಕ್ಷಿಸುವ ಸ್ಥಳ ಶಾಸನಸಭೆಯೇ ಎಂದು ಆ ಸಮಿತಿ ೧೯೭೧ರಲ್ಲಿಯೇ ಹೇಳಿತ್ತು. ಜತ್ತಿಯವರ ಪೀಠದ ಸಹೋದರರೇ ಬರೆದುಕೊಟ್ಟ ಪಾಠ ಅದು. ಎರಡು ವರ್ಷದಲ್ಲಿ ಅದರ ಮಸಿ ಅಳಿಸಿಹೋಗಿರಲಿಲ್ಲ.

ಕಟಕದ ಉಚ್ಚ ನ್ಯಾಯಾಲಯವು ಘೋಷಣೆಯನ್ನು ರದ್ದುಪಡಿಸಲಿಲ್ಲವೆಂಬುದು ಮೂರನೆಯ ಮಾತು. ಪಟ್ನಾಯಕರು ಅಲ್ಲಿ ಮೊಕದ್ದಮೆ ಹೂಡಿದ್ದೂ, ಘೋಷಣೆ ಉಳಿದದ್ದೂ ದಿಟವೇ. ಆದರೆ ಆ ಕಾಲದಲ್ಲಿ ೩೫೬ನೆಯ ಅನುಚ್ಛೇದದ ಘೋಷಣೆಗಳನ್ನು ನ್ಯಾಯಾಲಯಗಳು ತಮ್ಮ ಕೈಗೆಟುಕದ ವಸ್ತುವೆಂದೇ ಎಣಿಸುತ್ತಿದ್ದುವು. ನ್ಯಾಯಾಧೀಶನು ಶಿಕ್ಷಿಸಲಿಲ್ಲವೆಂದ ಮಾತ್ರಕ್ಕೆ ಕೃತ್ಯವು ಉಚಿತವಾಯಿತೆಂದು ತರ್ಕಿಸುವುದಾದರೆ ಜಗತ್ತಿನಲ್ಲಿ ಅನುಚಿತವೆಂಬುದು ಅತ್ಯಲ್ಪವೇ ಉಳಿದೀತು.

ಇನ್ನೊಂದು ಸಂಗತಿಯನ್ನು ಜತ್ತಿಯವರ ಪ್ರಶಂಸಕರು ಮುಟ್ಟುವುದೇ ಇಲ್ಲ. ೧೯೭೪ರ ಫೆಬ್ರುವರಿಯಲ್ಲಿ ಒರಿಸ್ಸಾದಲ್ಲಿ ಚುನಾವಣೆ ನಡೆಯಿತು. ಕಾಂಗ್ರೆಸ್ಸಿಗೆ ಸ್ವಂತ ಬಹುಮತ ಬರಲಿಲ್ಲ. ಆದರೂ ಮಾರ್ಚಿ ೬ರಂದು ಕಮ್ಯುನಿಸ್ಟರ ಬೆಂಬಲದ ಮೇಲೆ ಸತ್ಪಥಿಯವರು ಮತ್ತೆ ಮುಖ್ಯಮಂತ್ರಿಗಳಾದರು. ಪ್ರಮಾಣವಚನ ಬೋಧಿಸುವಾಗ ರಾಜಭವನದಲ್ಲಿ ಇದ್ದವರು ಜತ್ತಿಯವರೇ. ಹೊರಗಿನವರ ಊರೆಯ ಮೇಲೆ ನಿಂತ ಮಂತ್ರಿಮಂಡಲವು ಅಸ್ಥಿರವಾದೀತೆಂಬ ಶಂಕೆ ಹಿಂದಿನ ವರ್ಷ ಹುಟ್ಟಿದ್ದು ಈ ವರ್ಷ ಹುಟ್ಟಲಿಲ್ಲ. ಕರೆದದ್ದು ಸರಿಯೇ, ಬೆಂಬಲವುಳ್ಳವರನ್ನು ಕರೆಯಲೇಬೇಕು. ಹಾಗಾದರೆ ಹಿಂದಿನ ವರ್ಷ ಕರೆಯದಿದ್ದದ್ದು ಹೇಗೆ ಸರಿ? ಎರಡೂ ಸರಿಯಾಗುವ ಒಂದು ಸೂತ್ರವನ್ನು ರಾಜ್ಯಾಂಗದೊಳಗೆ ಹುಡುಕಿದರೆ ಸಿಕ್ಕದು. ಪಕ್ಷದೊಳಗೆ ಹುಡುಕಿದರೆ ಸುಲಭವಾಗಿ ಸಿಕ್ಕೀತು. ಅದೇ ವರ್ಷದ ಆಗಸ್ಟಿನಲ್ಲಿ ಕಾಂಗ್ರೆಸ್ಸು ಜತ್ತಿಯವರನ್ನು ಉಪರಾಷ್ಟ್ರಪತಿಯ ಸ್ಥಾನಕ್ಕೆ ನಿಲ್ಲಿಸಿ ಗೆಲ್ಲಿಸಿತು.

ಇದನ್ನು ಓದಿ, ಜತ್ತಿಯವರು ಪದವಿಯ ಆಸೆಗಾಗಿ ನ್ಯಾಯವನ್ನು ಮಾರಿಕೊಂಡರೆಂದು ಯಾರಾದರೂ ಅರ್ಥಮಾಡಿದರೆ ಅದು ಅನ್ಯಾಯ. ಅಂಥ ಆಪಾದನೆಗೆ ಆಧಾರವಿಲ್ಲ. ಅವರ ಜೀವನದ ಉಳಿದ ಭಾಗವೂ ಅದಕ್ಕೆ ಹೊಂದುವುದಿಲ್ಲ. ಹೇಳತಕ್ಕದ್ದು ಇದಕ್ಕಿಂತ ಕಠಿಣವಾದದ್ದು. ಆಸೆಯಿಲ್ಲದವನೂ ಆ ಪೀಠದಲ್ಲಿ ಕುಳಿತರೆ ಆಸೆಯುಳ್ಳವನಂತೆಯೇ ನಡೆಯಬೇಕಾಗುತ್ತದೆ. ಮೂವತ್ತು ವರ್ಷ ಒಂದು ಪಕ್ಷದ ಅನ್ನ, ಸ್ನೇಹ, ಶಿಸ್ತುಗಳಲ್ಲಿ ಬೆಳೆದವನು, ಆ ಪಕ್ಷವು ನೇಮಿಸಿದ, ಆ ಪಕ್ಷವು ಒಂದೇ ದಿನದಲ್ಲಿ ತೆಗೆದುಹಾಕಬಲ್ಲ ಸ್ಥಾನದಲ್ಲಿ ಕುಳಿತು, ಆ ಪಕ್ಷದ ಎದುರಾಳಿಗೆ ಬಾಗಿಲು ತೆರೆಯಬೇಕು! ಸಜ್ಜನಿಕೆಯಿಂದ ಇಷ್ಟನ್ನು ನಿರೀಕ್ಷಿಸುವುದು ಸಜ್ಜನಿಕೆಗೆ ಮಾಡುವ ಅಪಚಾರ. ಬೆಂಗಳೂರಿನಲ್ಲಿ ೧೯೬೪ರಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿದವರು ಜತ್ತಿಯವರು. ಶರಣರು ಎಲ್ಲರ ಮುಂದೆ ಕುಳಿತು ಮಾತಿನಿಂದ ಮಾತನ್ನು ಒರೆದು ತೀರ್ಮಾನಕ್ಕೆ ಬರುತ್ತಿದ್ದ ಅನುಭವ ಮಂಟಪದ ಕೀರ್ತಿಯನ್ನು ಹರಡುವುದಕ್ಕೆ ದುಡಿದವರು. ಭುವನೇಶ್ವರದಲ್ಲಿ ಮಂಟಪದ ಬಾಗಿಲು ಮುಚ್ಚಿ, ತೀರ್ಮಾನವು ಒಂದು ಕೋಣೆಯೊಳಗೆ ಆಯಿತು. ಮನುಷ್ಯನು ಅವನೇ, ಪೀಠ ಬೇರೆ.

ಕನ್ನಡಿಗರು ಒರಿಸ್ಸಾದ ಈ ಪ್ರಕರಣವನ್ನು ಮರೆತು, ಜತ್ತಿಯವರ ಮೇಲೆ ಹೊರಿಸುವ ತಪ್ಪು ಮತ್ತೊಂದು. ಅದು ೧೯೭೭ರದು. ಆ ವರ್ಷದ ಫೆಬ್ರುವರಿ ೧೧ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ನಿಧನ ಹೊಂದಿದ್ದರಿಂದ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಮಾರ್ಚಿಯ ಚುನಾವಣೆಯಲ್ಲಿ ಕಾಂಗ್ರೆಸ್ಸು ಸೋತು ಜನತಾ ಪಕ್ಷವು ಗೆದ್ದಿತು. ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದವರು ಜತ್ತಿಯವರು. ಒಂದು ತಿಂಗಳಾಗುವಷ್ಟರಲ್ಲಿ ಹೊಸ ಸಂಪುಟವು, ಕಾಂಗ್ರೆಸ್ಸಿನ ಕೈಯಲ್ಲಿದ್ದ ಒಂಬತ್ತು ರಾಜ್ಯಗಳ ಶಾಸನಸಭೆಗಳನ್ನು ವಿಸರ್ಜಿಸಲು ನಿಶ್ಚಯಿಸಿತು. ಕೆಲವು ರಾಜ್ಯಗಳು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದುವು. ಏಪ್ರಿಲ್ ೨೯ರಂದು ಅವುಗಳ ದಾವೆಗಳು ವಜಾ ಆದುವು. ಅಂದೇ ಸಂಪುಟದ ಸಲಹೆಯು ರಾಷ್ಟ್ರಪತಿ ಭವನಕ್ಕೆ ಹೋಯಿತು. ಜತ್ತಿಯವರು ಅಂದು ಅಂಕಿತ ಹಾಕಲಿಲ್ಲ. ಮರುದಿನ, ಏಪ್ರಿಲ್ ೩೦ರಂದು, ಹಾಕಿದರು.

ಈ ಒಂದು ದಿನದ ವಿಳಂಬಕ್ಕಾಗಿ ಅವರು ಕೇಳಿದ ನಿಂದೆ ಅಷ್ಟಿಷ್ಟಲ್ಲ. ಹಳೆಯ ಪಕ್ಷದ ಋಣ ತೀರಿಸುತ್ತಿದ್ದಾರೆಂದರು, ರಾಜ್ಯಾಂಗಕ್ಕೆ ದ್ರೋಹವೆಂದರು. ಅಕ್ಷರಶಃ ನೋಡಿದರೆ ನಿಂದಕರ ಕೈಯಲ್ಲಿ ಶಾಸನವಿತ್ತು. ೪೨ನೆಯ ತಿದ್ದುಪಡಿಯು ರಾಷ್ಟ್ರಪತಿಯು ಸಂಪುಟದ ಸಲಹೆಯಂತೆಯೇ ನಡೆಯತಕ್ಕದ್ದೆಂದು ವಿಧಿಸಿ ಕೆಲವೇ ತಿಂಗಳಾಗಿತ್ತು. ೧೯೭೬ರ ನವೆಂಬರಿನಲ್ಲಿ ಅದನ್ನು ಅಂಗೀಕರಿಸಿದ ರಾಜ್ಯಸಭೆಗೆ ಸಭಾಪತಿಗಳು ಜತ್ತಿಯವರೇ ಎಂಬುದು ವಿಧಿಯ ಕುಚೋದ್ಯ. ಆದರೂ ತಿರುಳನ್ನು ನೋಡಿದರೆ, ಒಂಬತ್ತು ಶಾಸನಸಭೆಗಳನ್ನು, ಒಬ್ಬನೇ ಒಬ್ಬ ರಾಜ್ಯಪಾಲನ ವರದಿಯೂ ಇಲ್ಲದೆ, ಲೋಕಸಭೆಯ ಚುನಾವಣೆಯಲ್ಲಿ ಆ ರಾಜ್ಯಗಳ ಜನ ಬೇರೆ ಪಕ್ಷಕ್ಕೆ ಮತ ಕೊಟ್ಟರೆಂಬ ಕಾರಣದಿಂದ ಮುರಿಯುವ ಕಾಗದವು ಮೇಜಿನ ಮೇಲೆ ಬಂದಾಗ, ಒಂದು ರಾತ್ರಿ ಯೋಚಿಸುವುದು ಅಪರಾಧವೆ? ಯೋಚಿಸದೆ ಅಂಕಿತ ಹಾಕುವುದನ್ನು ದೇಶವು ೧೯೭೫ರ ಜೂನಿನಲ್ಲಿ ಕಂಡಿತ್ತು. ಅದರ ಫಲವನ್ನೂ ಉಂಡಿತ್ತು. ಆ ಒಂಬತ್ತರಲ್ಲಿ ಒರಿಸ್ಸಾವೂ ಒಂದು; ನಾಲ್ಕು ವರ್ಷದ ಹಿಂದೆ ಅಲ್ಲಿ ವಿಸರ್ಜನೆಗೆ ಬರೆದ ಕೈಯೇ ಈಗ ವಿಸರ್ಜನೆಗೆ ಅಳುಕಿತು.

ಅಷ್ಟೇ ಅಲ್ಲ. ಜತ್ತಿಯವರ ವಿಳಂಬವನ್ನು ಸಹಿಸದ ಜನತಾ ಪಕ್ಷದವರೇ ಮರುವರ್ಷ ೪೪ನೆಯ ತಿದ್ದುಪಡಿಯನ್ನು ತಂದರು. ಸಂಪುಟದ ಸಲಹೆಯನ್ನು ಮರುಪರಿಶೀಲನೆಗಾಗಿ ಒಂದು ಬಾರಿ ಹಿಂದಿರುಗಿಸುವ ಅಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟದ್ದು ಆ ತಿದ್ದುಪಡಿಯೇ. ಜತ್ತಿಯವರಿಗೆ ಆ ರಾತ್ರಿ ಇಲ್ಲದಿದ್ದುದು ಅದೊಂದೇ. ಅವರನ್ನು ನಿಂದಿಸಿದವರ ಕೈಯಿಂದಲೇ ಅದು ಶಾಸನವಾಯಿತು. ನಿಂದೆಯನ್ನು ಮಾತ್ರ ಯಾರೂ ಹಿಂತೆಗೆದುಕೊಳ್ಳಲಿಲ್ಲ. ಇನ್ನು ೧೯೮೦ರ ಫೆಬ್ರುವರಿಯಲ್ಲಿ ಕಾಂಗ್ರೆಸ್ಸು ಮರಳಿ ಬಂದು, ತಾನೂ ಒಂಬತ್ತು ಶಾಸನಸಭೆಗಳನ್ನು ಅದೇ ರೀತಿಯಲ್ಲಿ ವಿಸರ್ಜಿಸಿತು. ಲೆಕ್ಕ ಸರಿಹೋಯಿತೆಂದು ಎರಡು ಪಕ್ಷಗಳೂ ಭಾವಿಸಿದಂತೆ ತೋರುತ್ತದೆ. ೩೫೬ನೆಯ ಅನುಚ್ಛೇದವು ಬಳಕೆಗೆ ಬಾರದೆ ಬರಿಯ ಬರಹವಾಗಿಯೇ ಉಳಿಯಲಿ ಎಂದು ಡಾಕ್ಟರ್ ಅಂಬೇಡ್ಕರರು ೧೯೪೯ರಲ್ಲಿ ಆಶಿಸಿದ್ದರು.

ಒರಿಸ್ಸಾದ ಪ್ರಶ್ನೆಗೆ ಉತ್ತರ ಬಂದದ್ದು ಕನ್ನಡ ನಾಡಿನ ಮೂಲಕ. ೧೯೮೯ರ ಏಪ್ರಿಲಿನಲ್ಲಿ ಎಸ್. ಆರ್. ಬೊಮ್ಮಾಯಿಯವರು ಶಾಸನಸಭೆಯಲ್ಲಿ ಬಲವನ್ನು ತೋರಿಸಲು ಸಿದ್ಧರೆಂದು ಹೇಳಿದರೂ, ರಾಜ್ಯಪಾಲ ವೆಂಕಟಸುಬ್ಬಯ್ಯನವರು ಅವಕಾಶ ಕೊಡದೆ ದೆಹಲಿಗೆ ವರದಿ ಬರೆದರು, ಮಂತ್ರಿಮಂಡಲ ಹೋಯಿತು. ಒಂಬತ್ತು ನ್ಯಾಯಾಧೀಶರ ಪೀಠವು ೧೯೯೪ರ ಮಾರ್ಚಿ ೧೧ರಂದು ಕೊಟ್ಟ ತೀರ್ಪಿನಲ್ಲಿ, ಬಹುಮತವು ತೂಗಲ್ಪಡಬೇಕಾದದ್ದು ಸಭೆಯಲ್ಲಿ, ರಾಜ್ಯಪಾಲನ ಮನಸ್ಸಿನಲ್ಲಲ್ಲ ಎಂದು ನಿರ್ಧರವಾಯಿತು. ಬೊಮ್ಮಾಯಿಯವರಿಗೆ ಪೀಠ ಮರಳಿ ಬರಲಿಲ್ಲವಾದರೂ ರಾಜ್ಯಗಳಿಗೆ ರಕ್ಷೆಯೊಂದು ದೊರೆಯಿತು. ಪಟ್ನಾಯಕರು ಕೇಳಿದ್ದು ಇದಕ್ಕಿಂತ ಹೆಚ್ಚಿನದೇನೂ ಆಗಿರಲಿಲ್ಲ.

ತೀರ್ಪಿನಿಂದ ಎಲ್ಲವೂ ನೆಟ್ಟಗಾಯಿತೆಂದು ಹೇಳುವವರು ೨೦೧೮ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆದದ್ದನ್ನು ನೆನೆಯಲಿ. ಪೂರ್ಣ ಬಹುಮತವಿಲ್ಲದ ನಾಯಕರನ್ನು ಕರೆದು, ಬಲ ತೋರಿಸುವುದಕ್ಕೆ ಹದಿನೈದು ದಿನ ಕೊಟ್ಟರು ರಾಜ್ಯಪಾಲ ವಜುಭಾಯಿ ವಾಲಾ ಅವರು. ಹಲವು ವರ್ಷ ಗುಜರಾತಿನಲ್ಲಿ ಅದೇ ಪಕ್ಷದ ಮಂತ್ರಿಯಾಗಿದ್ದವರು. ಸರ್ವೋಚ್ಚ ನ್ಯಾಯಾಲಯವು ನಡುವೆ ಬಂದು ಮೇ ೧೯ರಂದೇ ಪರೀಕ್ಷೆಯಾಗಲೆಂದಿತು. ಯಡಿಯೂರಪ್ಪನವರು ಮತಕ್ಕೆ ಹಾಕದೆಯೇ ರಾಜೀನಾಮೆಯಿತ್ತರು. ಪಕ್ಷ ಬೇರೆ, ಕಾಲ ಬೇರೆ, ರಾಜ್ಯ ಬೇರೆ. ಪೀಠದ ಓಲುವಿಕೆ ಮಾತ್ರ ೧೯೭೩ರದೇ.

ಆದಕಾರಣ ಯೋಗ್ಯರನ್ನು ಹುಡುಕಿರೆಂಬ ಕೂಗನ್ನು ಬಿಟ್ಟು, ಪೀಠವನ್ನು ಕಟ್ಟಿದ ಮರವನ್ನು ಪರೀಕ್ಷಿಸಬೇಕು. ಸರ್ಕಾರಿಯಾ ಆಯೋಗವು ೧೯೮೮ರಲ್ಲಿ ಬಹಳ ಮಟ್ಟಿಗೆ ಸರಿಯಾದ ಮಾತನ್ನೇ ಹೇಳಿತು: ಸಮೀಪಕಾಲದಲ್ಲಿ ರಾಜಕೀಯದಲ್ಲಿ ಮುಳುಗಿದವನು ರಾಜ್ಯಪಾಲನಾಗಕೂಡದು, ಪದವಿ ಬಿಟ್ಟಮೇಲೆ ಸರ್ಕಾರದ ಬೇರೆ ಲಾಭಸ್ಥಾನ ಹಿಡಿಯಕೂಡದು. ಆದರೆ ಈ ಎರಡನೆಯ ನಿಯಮಕ್ಕೆ ಅಪವಾದಗಳನ್ನು ಇಟ್ಟಿತು. ಮತ್ತೊಮ್ಮೆ ರಾಜ್ಯಪಾಲನಾಗಬಹುದು, ಉಪರಾಷ್ಟ್ರಪತಿ, ರಾಷ್ಟ್ರಪತಿ ಸ್ಥಾನಗಳಿಗೂ ನಿಲ್ಲಬಹುದು. ಭುವನೇಶ್ವರದಿಂದ ದೆಹಲಿಗೆ ಹೋದ ಏಣಿಯ ಮೆಟ್ಟಿಲುಗಳು ಇವೇ ಅಲ್ಲವೆ? ಎಲ್ಲ ಬಾಗಿಲುಗಳನ್ನು ಮುಚ್ಚಿ ಅತಿ ದೊಡ್ಡದನ್ನು ತೆರೆದಿಟ್ಟಂತಾಯಿತು. ರಾಜಭವನದಿಂದ ಮುಂದಕ್ಕೆ ಯಾವ ಮೆಟ್ಟಿಲೂ ಇರಬಾರದು. ಐದು ವರ್ಷದ ಅವಧಿಯು ಶಾಸನಸಭೆಯ ನಿರ್ಣಯವಿಲ್ಲದೆ ಮೊಟಕಾಗಬಾರದು. ನೇಮಕದಲ್ಲಿ ಆಯಾ ರಾಜ್ಯದ ಒಪ್ಪಿಗೆಯಿರಬೇಕು. ಇವು ಶಾಸನದಲ್ಲಿ ಬರೆಯಲ್ಪಟ್ಟ ಹೊರತು ಒಳ್ಳೆಯವರ ನೇಮಕದಿಂದ ಒಳ್ಳೆಯವರ ಹೆಸರು ಕೆಡುವುದೇ ಹೊರತು ಬೇರೆ ಫಲವಿಲ್ಲ.

ಹೀಗೆ ಮಾಡಿದರೆ ಕೇಂದ್ರದ ಹಿಡಿತ ಸಡಿಲವಾಗುವುದೆಂದು ಆಕ್ಷೇಪಿಸುವವರುಂಟು. ಅವರು ಆಕ್ಷೇಪದಿಂದಲೇ ಒಂದು ಸತ್ಯವನ್ನು ಒಪ್ಪಿಕೊಂಡಂತಾಗುತ್ತದೆ: ರಾಜ್ಯಪಾಲನು ಇರುವುದು ಹಿಡಿತಕ್ಕಾಗಿ ಎಂದು. ಹಾಗೆಂದು ೧೯೪೯ರಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಿದ್ದರೆ ಆ ಸಭೆಯು ಅದಕ್ಕೆ ಮತ ಕೊಡುತ್ತಿತ್ತೆ? ೨೦೦೪ರಲ್ಲಿ ಹೊಸ ಕೇಂದ್ರ ಸರ್ಕಾರವು ಉತ್ತರ ಪ್ರದೇಶ, ಗುಜರಾತು, ಹರಿಯಾಣ, ಗೋವೆಗಳ ರಾಜ್ಯಪಾಲರನ್ನು ಒಂದೇ ಏಟಿಗೆ ತೆಗೆದುಹಾಕಿತು. ಕಾರಣವಿಲ್ಲದೆ ಮನಬಂದಂತೆ ತೆಗೆಯಕೂಡದೆಂದು ಸರ್ವೋಚ್ಚ ನ್ಯಾಯಾಲಯ ೨೦೧೦ರಲ್ಲಿ ಹೇಳಿತಾದರೂ, ಹೋದವರು ಮರಳಿ ಬರಲಿಲ್ಲ.

ಜತ್ತಿಯವರು ೧೯೭೯ರ ಆಗಸ್ಟಿನಲ್ಲಿ ಉಪರಾಷ್ಟ್ರಪತಿ ಪದವಿಯಿಂದ ನಿವೃತ್ತರಾಗಿ, ಉಳಿದ ಆಯುಷ್ಯವನ್ನು ಬಸವ ಸಮಿತಿಯ ಕಾರ್ಯದಲ್ಲಿ ಕಳೆದು, ೨೦೦೨ರ ಜೂನ್ ೭ರಂದು ತೀರಿಕೊಂಡರು. ಅವರನ್ನು ನೇಮಿಸಿದ ೧೫೫ನೆಯ ಅನುಚ್ಛೇದವೂ, ಅವರನ್ನು ಯಾವ ದಿನ ಬೇಕಾದರೂ ತೆಗೆಯಬಹುದಾಗಿದ್ದ ೧೫೬ನೆಯ ಅನುಚ್ಛೇದವೂ ೧೯೫೦ರಲ್ಲಿ ಇದ್ದಂತೆಯೇ ಇವೆ.